ಗಾಯಗೊಂಡ ಹಡಗು ಎಲ್ಲಿಗೆ ಹೋಗಬೇಕು?

1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆಗೆ ಹೊರಟ ಭಾರತೀಯ ನೌಕಾಪಡೆಯ ಹಡಗುಗಳ ಪಟ್ಟಿಯನ್ನು ಓದಿದರೆ ಕಣ್ಣು ಮೊದಲು ನಿಲ್ಲುವುದು ವಿಕ್ರಾಂತ್, ಮೈಸೂರು, ದೆಹಲಿ, ತ್ರಿಶೂಲ್ ಎಂಬ ಹೆಸರುಗಳ ಮೇಲೆ. ಸಮುದ್ರದಲ್ಲಿ ಹುದುಗಿಸಿಟ್ಟ ಸಿಡಿಗುಂಡುಗಳನ್ನು ತೆಗೆಯುವ ಗುಂಪಿನಲ್ಲಿ 'ಕಾರವಾರ' ಎಂಬ ಹಡಗೂ ಇತ್ತು. ಎಲ್ಲದರ ಹಿಂದೆ, ಬೆಂಬಲದ ಗುಂಪು ಎಂದು ಹೆಸರಿಸಿದ ಸಾಲಿನಲ್ಲಿ ಒಂದೇ ಒಂದು ಹಡಗು: ಐಎನ್‌ಎಸ್ ಧಾರಿಣಿ. ಅದು ಕಾದಾಡುವ ಹಡಗಲ್ಲ. ಸರಕು ಸಾಗಿಸಲೆಂದು ಕಟ್ಟಿದ್ದ ಹಡಗನ್ನು ನೌಕಾಪಡೆ ರಿಪೇರಿ ಮತ್ತು ಉಗ್ರಾಣದ ಹಡಗಾಗಿ ಮಾರ್ಪಡಿಸಿಕೊಂಡಿತ್ತು. ಕಾರವಾರದ ಎದುರಿನ ಅಂಜುದೀವ್ ದ್ವೀಪಕ್ಕೆ ಮೈಸೂರು ಮತ್ತು ತ್ರಿಶೂಲ್ ನಾವಿಕರನ್ನು ಇಳಿಸಿದವು, ಏಳು ಮಂದಿ ಅಲ್ಲಿ ಪ್ರಾಣ ಕೊಟ್ಟರು, ಆ ಕಥೆ ಸರಿಯಾಗಿಯೇ ಪುಸ್ತಕಗಳಲ್ಲಿ ಸೇರಿದೆ. ಧಾರಿಣಿಯ ಹೆಸರು ಮಾತ್ರ ಪಟ್ಟಿಯ ಆಚೆಗೆ ಬಂದಿಲ್ಲ. ನಮ್ಮ ಕರಾವಳಿಯ ನೌಕಾ ಇತಿಹಾಸವನ್ನು ಅರ್ಥಮಾಡಿಕೊಳ್ಳಲು ಹಿಡಿಯಬೇಕಾದ ಎಳೆ ಆ ಕೊನೆಯ ಹೆಸರಿನಲ್ಲೇ ಇದೆ ಎಂಬುದು ನನ್ನ ವಾದ. ಕಾರವಾರದಿಂದ ಮಂಗಳೂರಿನವರೆಗಿನ ಈ ಕಡಲಂಚು ಐನೂರು ವರ್ಷಗಳಿಂದ ಹಡಗು ಕಟ್ಟುವುದಕ್ಕೆ ಮತ್ತು ಸರಿಪಡಿಸುವುದಕ್ಕೆ ಬೇಕಾದ ಮರ, ಎಣ್ಣೆ, ಕೈಗಳನ್ನು ಕೊಟ್ಟಿತು. ದೊಡ್ಡ ಹಡಗೊಂದನ್ನು ನೀರಿನಿಂದ ಮೇಲೆತ್ತಿ ನೆಮ್ಮದಿಯಿಂದ ದುರಸ್ತಿ ಮಾಡುವ ಜಾಗ ಮಾತ್ರ ಇತ್ತೀಚಿನವರೆಗೂ ಇಲ್ಲಿ ಆಗಲಿಲ್ಲ. ಇಲ್ಲಿ ಯಾರು ಗೆದ್ದರು, ಯಾರು ಸೋತರು ಎಂಬುದನ್ನು ಬಹುಮಟ್ಟಿಗೆ ಆ ಕೊರತೆಯೇ ತೀರ್ಮಾನಿಸಿತು.

ಇದೇ ಅಂಜುದೀವ್ ಈ ಕಥೆಯ ಮೊದಲ ಸಾಕ್ಷಿ. 1498ರಲ್ಲಿ ಕಲ್ಲಿಕೋಟೆಯಿಂದ ಹಿಂದಿರುಗುವ ದಾರಿಯಲ್ಲಿ ವಾಸ್ಕೋ ಡ ಗಾಮ ಮಲ್ಪೆಯ ಎದುರಿನ ದ್ವೀಪಗಳಲ್ಲಿ ಕಲ್ಲುಕಂಬ ನೆಟ್ಟು ಸೇಂಟ್ ಮೇರಿಯ ಹೆಸರಿಟ್ಟ ಎಂಬುದನ್ನು ಉಡುಪಿಯ ಪ್ರವಾಸಿಗರಿಗೆಲ್ಲ ಹೇಳಲಾಗುತ್ತದೆ. ಅದಾದ ಕೆಲವೇ ದಿನಗಳಲ್ಲಿ ಅವನು ಅಂಜುದೀವ್‌ನಲ್ಲಿ ಮಾಡಿದ ಕೆಲಸವನ್ನು ಹೇಳುವವರು ಕಡಿಮೆ. ಬೆರಿಯೊ ಮತ್ತು ಸಾವೊ ಗೇಬ್ರಿಯಲ್ ಹಡಗುಗಳನ್ನು ದಡಕ್ಕೆ ಎಳೆಸಿ, ಪಕ್ಕಕ್ಕೆ ವಾಲಿಸಿ, ತಳವನ್ನು ಕೆರೆಸಿ, ಹಲಗೆಗಳ ಸಂದು ತುಂಬಿಸಿದ. ಆಫ್ರಿಕಾವನ್ನು ಸುತ್ತಿ ಬಂದ ತಳ ಅದು. ಹಾಗೇ ಬಿಟ್ಟಿದ್ದರೆ ಮರಕೊರೆಯುವ ಹುಳು ಅದನ್ನು ಲಿಸ್ಬನ್‌ವರೆಗೆ ತಲುಪಲು ಬಿಡುತ್ತಿರಲಿಲ್ಲ. ಕಂಬ ನೆಟ್ಟದ್ದು ಹೆಮ್ಮೆಗೆ, ತಳ ಕೆರೆದದ್ದು ಬದುಕುವುದಕ್ಕೆ. ಪೋರ್ಚುಗೀಸರು ಇದನ್ನು ಮರೆಯಲಿಲ್ಲ. 1505ರಲ್ಲಿ ಮೊದಲ ವೈಸರಾಯ್ ಅಲ್ಮೇಡ ಬಂದವನೇ ಅಂಜುದೀವ್‌ನಲ್ಲಿ ಕೋಟೆ ಕಟ್ಟಿಸಲು ಶುರುಮಾಡಿದ. ಮರುವರ್ಷ ಬಿಜಾಪುರದ ಕಡೆಯಿಂದ ದಾಳಿಯಾಯಿತು, ಮಳೆಗಾಲದಲ್ಲಿ ನೆರವು ತಲುಪದ ಜಾಗ ಅದೆಂಬುದು ತಿಳಿಯಿತು, ಕೋಟೆಯನ್ನು ಅವರೇ ಕೆಡವಿ ಹೋದರು. 1510ರಲ್ಲಿ ಹೊನ್ನಾವರದ ತಿಮ್ಮಯ್ಯ ಪೋರ್ಚುಗೀಸ್ ದಳಪತಿ ಅಲ್ಬುಕರ್ಕ್‌ನನ್ನು ಗೋವಾದ ಕಡೆ ತಿರುಗಿಸಿದಾಗ ಮುಂದಿಟ್ಟ ಕಾರಣಗಳಲ್ಲಿ ಒಂದು, ಅಲ್ಲಿ ಹಡಗು ಕಟ್ಟುವ ಕೆಲಸ ನಡೆದಿದೆ ಎಂಬುದು. ಗೋವಾ ಕೈಸೇರಿದ ಮೇಲೆ ಪೋರ್ಚುಗೀಸರ ದೊಡ್ಡ ಹಡಗುಕಟ್ಟೆ ಅಲ್ಲಿ ಬೆಳೆಯಿತು. ಕನ್ನಡ ಕರಾವಳಿಗೆ ಕೋಟೆಗಳು ಮತ್ತು ಅಕ್ಕಿಯ ಕಪ್ಪ ಉಳಿದವು.

ಗೋವಾದಲ್ಲಿ ಆದದ್ದು ಬಾರ್ಕೂರಿನಲ್ಲೋ ಬಸ್ರೂರಿನಲ್ಲೋ ಏಕೆ ಆಗಲಿಲ್ಲ? ಕೆಲಸ ಬಲ್ಲವರ ಕೊರತೆ ಇಲ್ಲಿರಲಿಲ್ಲ. ಮಂಜಿ, ಪತ್ತೆಮಾರಿ ಎಂಬ ಹಾಯಿಹಡಗುಗಳನ್ನು ಕಟ್ಟುವವರು ಪ್ರತಿ ಅಳಿವೆಯ ಬಳಿಯೂ ಇದ್ದರು. ಘಟ್ಟದಲ್ಲಿ ಸಾಗುವಾನಿ ಇತ್ತು, ಹಾಯಿಕಂಬಕ್ಕೆ ಹೇಳಿಮಾಡಿಸಿದ ಹೊನ್ನೆ ಜಾತಿಯ ನೆಟ್ಟನೆಯ ಮರಗಳಿದ್ದವು. ಸಂದು ತುಂಬಲು ಹತ್ತಿ ಮತ್ತು ತೆಂಗಿನ ನಾರು, ಮೆತ್ತಲು ಧೂಪದ ಮರದ ರಾಳ, ಹೊರಮೈಗೆ ಬೂತಾಯಿ ಎಣ್ಣೆ, ನೀರೊಳಗಿನ ಭಾಗಕ್ಕೆ ಚಿಪ್ಪಿನ ಸುಣ್ಣ ಎಲ್ಲವೂ ಕೈಗೆಟುಕುವಷ್ಟು ಹತ್ತಿರದಲ್ಲಿದ್ದವು. ಮಳೆಗಾಲ ಕಡಲನ್ನು ಮುಚ್ಚಿ, ರಿಪೇರಿಗೆಂದೇ ಬಿಡುವು ಕೊಡುತ್ತಿತ್ತು. ಯಾಂತ್ರಿಕ ಮೀನುಗಾರಿಕೆಗೆ ಜೂನ್, ಜುಲೈ ತಿಂಗಳ 61 ದಿನ ನಿಷೇಧವಿರುವ ಇಂದಿಗೂ ಮಲ್ಪೆಯಲ್ಲಿ ಬೋಟುಗಳ ದುರಸ್ತಿ ನಡೆಯುವುದು ಅದೇ ಬಿಡುವಿನಲ್ಲಿ. ತೊಡಕಿದ್ದದ್ದು ನೀರಿನಲ್ಲಿ. ಘಟ್ಟದಿಂದ ಇಳಿಯುವ ನದಿಗಳು ಚಿಕ್ಕವು, ವೇಗದವು. ಮುಲ್ಕಿಯ ಶಾಂಭವಿ, ಉದ್ಯಾವರ, ಗಂಗೊಳ್ಳಿ, ಮಂಗಳೂರಿನ ನೇತ್ರಾವತಿ-ಗುರುಪುರ, ಯಾವ ಅಳಿವೆಯನ್ನು ನೋಡಿದರೂ ಬಾಯಲ್ಲಿ ಮರಳಿನ ದಿಬ್ಬ. ಮಂಜಿ ಒಳಗೆ ಬರುತ್ತದೆ, ಆಳ ತಳದ ಯುದ್ಧನೌಕೆ ಬರಲಾರದು. ಎರಡನೆಯದು ಉಬ್ಬರವಿಳಿತ. ಒಣ ಹಡಗುಕಟ್ಟೆಯ ಹಳೆಯ ವಿಧಾನ ಸರಳ: ಉಬ್ಬರದಲ್ಲಿ ಹಡಗನ್ನು ಒಳಗೆ ತರಬೇಕು, ಇಳಿತದಲ್ಲಿ ನೀರು ಹೊರಹೋಗಲು ಬಿಟ್ಟು ಬಾಗಿಲು ಮುಚ್ಚಬೇಕು. ಮುಂಬಯಿಯಲ್ಲಿ ಉಬ್ಬರವಿಳಿತದ ಅಂತರ ನಾಲ್ಕು ಮೀಟರ್ ದಾಟುತ್ತದೆ, ಮಂಗಳೂರಿನಲ್ಲಿ ಒಂದೂವರೆ ಮೀಟರಿನ ಆಸುಪಾಸು. 1750ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಮುಂಬಯಿಯಲ್ಲಿ ಕಲ್ಲಿನ ಒಣಕಟ್ಟೆ ಕಟ್ಟಿತು. ಸೂರತ್‌ನಿಂದ ಬಂದ ಲೌಜಿ ನಸರ್ವಾನ್‌ಜಿ ವಾಡಿಯಾ ಮತ್ತವರ ವಂಶಸ್ಥರು ಅಲ್ಲಿ ಜಗತ್ತು ಮೆಚ್ಚುವ ಹಡಗುಗಳನ್ನು ಕಟ್ಟಿದರು. ವಾಡಿಯಾಗಳ ಪ್ರತಿಭೆ ದೊಡ್ಡದು, ಆದರೆ ಮುಂಬಯಿಯ ಉಬ್ಬರ ಅವರ ಬೆನ್ನಿಗಿತ್ತು.

1763ರಲ್ಲಿ ಮೈಸೂರಿನ ಹೈದರ್ ಅಲಿ ಕೆಳದಿಯ ರಾಜಧಾನಿ ಬಿದನೂರನ್ನು ಗೆದ್ದಾಗ ಆ ರಾಜ್ಯದ ಬಂದರುಗಳೆಲ್ಲ ಅವನ ಪಾಲಾದವು, ಮಂಗಳೂರಿನಲ್ಲಿ ಅವನು ನೌಕಾಪಡೆ ಕಟ್ಟಿದ. 1780ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಬಂದು ಆ ಹಡಗುಗಳನ್ನು ಮಂಗಳೂರಿನ ಎದುರಿಗೇ ನಾಶಮಾಡಿದ. ಅದಕ್ಕಿಂತ ಹೆಚ್ಚು ಕಲಿಸುವುದು ಆಮೇಲಿನ ಎರಡು ವರ್ಷ. 1782ರಲ್ಲಿ ಹೈದರನ ಮಿತ್ರ, ಫ್ರೆಂಚ್ ಸೇನಾನಿ ಸಫ್ರೆನ್, ಪೂರ್ವ ಕರಾವಳಿಯಲ್ಲೂ ಸಿಂಹಳದ ಬಳಿಯೂ ಇದೇ ಹ್ಯೂಸ್‌ನೊಂದಿಗೆ ನಾಲ್ಕು ಬಾರಿ ಕಾದ. ಯಾವುದೂ ಪೂರ್ತಿ ಗೆಲುವಲ್ಲ, ಪೂರ್ತಿ ಸೋಲೂ ಅಲ್ಲ. ಪ್ರತಿ ಕಾಳಗದ ನಂತರ ಎರಡೂ ಕಡೆ ಮುರಿದ ಕಂಬ, ತೂತುಬಿದ್ದ ಮೈ. ಮಳೆಗಾಲದ ಗಾಳಿ ತಿರುಗುವ ಅಕ್ಟೋಬರ್‌ನಲ್ಲಿ ಹ್ಯೂಸ್‌ಗೆ ಹೋಗಲು ಮುಂಬಯಿ ಇತ್ತು. ಸಫ್ರೆನ್‌ಗೆ ಅಂಥದ್ದೇನೂ ಇರಲಿಲ್ಲ. ಸಣ್ಣ ಹಡಗುಗಳ ಕಂಬ ಕಿತ್ತು ದೊಡ್ಡವಕ್ಕೆ ಹಾಕುತ್ತಿದ್ದ, ಟ್ರಿಂಕೋಮಲಿ ಕೈಸೇರಿದ್ದರೂ ಚಳಿಗಾಲ ಕಳೆಯಲು ಸುಮಾತ್ರದ ಅಚೆ ಎಂಬಲ್ಲಿಗೆ ಹೋದ. ಆ ತಿಂಗಳುಗಳಲ್ಲಿ ಪೂರ್ವದ ಕಡಲು ಕೆರಳಿರುತ್ತದೆ, ನಮ್ಮ ಪಶ್ಚಿಮದ ಕಡಲು ಶಾಂತವಾಗಿರುತ್ತದೆ. ಮರವೂ ಬಡಗಿಗಳೂ ಇದ್ದ ಮಿತ್ರನ ಮಂಗಳೂರು ಅವನಿಗೆ ಆಶ್ರಯವಾಗಬೇಕಿತ್ತು. ಶತ್ರುವಿನ ಮುಂಬಯಿ ಹತ್ತಿರವಿದ್ದದ್ದು ಒಂದು ಅಡ್ಡಿ ನಿಜ. ಆದರೆ ದೊಡ್ಡ ಹಡಗುಗಳ ಸಾಲೊಂದನ್ನು ಮರಳ ದಿಬ್ಬದ ಆಚೆ ತೆರೆದ ಕಡಲಲ್ಲಿ ನಿಲ್ಲಿಸಿ ತಳ ಸರಿಪಡಿಸಲು ಸಾಧ್ಯವಿರಲಿಲ್ಲ ಎಂಬುದು ಅದಕ್ಕಿಂತ ದೊಡ್ಡದು ಎಂದು ನಾನು ತಿಳಿದಿದ್ದೇನೆ. ಆ ವರ್ಷದ ಡಿಸೆಂಬರ್‌ನಲ್ಲಿ ಹೈದರ್ ತೀರಿಕೊಂಡ.

ಈ ವಾದಕ್ಕೆ ಇತಿಹಾಸ ಬಲ್ಲವರು ಎತ್ತುವ ಆಕ್ಷೇಪಣೆ ಗಟ್ಟಿಯಾದದ್ದು. 1768ರಲ್ಲಿ ಹೈದರನ ಹಡಗುಗಳು ಕೈತಪ್ಪಿದ್ದು ರಿಪೇರಿಯ ಕೊರತೆಯಿಂದಲ್ಲ. ಕುದುರೆ ಪಡೆಯ ಅಧಿಕಾರಿಯನ್ನು ನೌಕಾಪಡೆಯ ಮೇಲೆ ಕೂರಿಸಿದ್ದಕ್ಕೆ ಸಿಟ್ಟಾದ ಹಡಗಿನ ಮುಖ್ಯಸ್ಥರು ಇಂಗ್ಲಿಷರ ಕಡೆ ಸೇರಿದರು. ತಪ್ಪು ನಾಯಕತ್ವದ್ದು, ಕಡಲಿನದಲ್ಲ, ಎನ್ನುತ್ತಾರೆ. ಆ ಸಂಗತಿಯನ್ನು ನಾನು ಒಪ್ಪುತ್ತೇನೆ. ಆದರೆ ನಾಯಕತ್ವದ ತಪ್ಪುಗಳು ಬ್ರಿಟಿಷರ ಕಡೆಯೂ ಬೇಕಾದಷ್ಟಿದ್ದವು. 1783ರಲ್ಲಿ ಜನರಲ್ ಮ್ಯಾಥ್ಯೂಸ್ ಗೆದ್ದ ಬಿದನೂರನ್ನು ಕೆಲವೇ ತಿಂಗಳಲ್ಲಿ ಕಳೆದುಕೊಂಡು ಸೆರೆಯಾದ. ಅಂಥ ಪೆಟ್ಟಿನಿಂದ ಚೇತರಿಸಿಕೊಳ್ಳಲು ಅವರಿಗೆ ಮುಂಬಯಿ ಎಂಬ ನೆಲೆ ಇತ್ತು, ಮೈಸೂರಿನವರಿಗೆ ಪ್ರತಿ ಬಾರಿಯೂ ಮೊದಲಿನಿಂದ ಶುರುಮಾಡಬೇಕಾಯಿತು. ತಪ್ಪು ಯಾರಿಗೂ ತಪ್ಪಿದ್ದಲ್ಲ, ತಪ್ಪಿನ ನಂತರ ಹಡಗನ್ನು ಮತ್ತೆ ಕಡಲಿಗಿಳಿಸುವ ಶಕ್ತಿ ಎಲ್ಲರಿಗೂ ಸಮನಾಗಿರಲಿಲ್ಲ. ಟಿಪ್ಪು ಸುಲ್ತಾನ್ ಇದನ್ನು ಅರಿತಿದ್ದ. 1796ರ ಅವನ ನೌಕಾ ನಿಯಮಾವಳಿ ಸುಮಾರು 40 ದೊಡ್ಡ ಹಡಗುಗಳನ್ನು ಕಟ್ಟಲು ಹೇಳುವುದರ ಜೊತೆಗೆ ಮಂಗಳೂರು, ಹೊನ್ನಾವರದ ನೆರೆ, ಸದಾಶಿವಗಡ ಎಂದು ಮೂರು ಕಡೆ ಆ ಕೆಲಸವನ್ನು ಹಂಚುತ್ತದೆ. ಸದಾಶಿವಗಡ, ಅಂದರೆ ಕಾಳಿ ನದಿಯ ಬಾಯಿ, ಕಾರವಾರದ ಕೊಲ್ಲಿ; ಗುಡ್ಡ ಮತ್ತು ದ್ವೀಪಗಳ ಮರೆಯಿರುವ, ಈ ಕರಾವಳಿಯಲ್ಲಿ ಅಪರೂಪದ ಆಳದ ನೀರು. ಆ ಆಯ್ಕೆಯ ದೂರದೃಷ್ಟಿ ನನ್ನನ್ನು ಪ್ರತಿ ಸಲವೂ ಅಚ್ಚರಿಗೊಳಿಸುತ್ತದೆ. ಮೂರೇ ವರ್ಷಕ್ಕೆ ಶ್ರೀರಂಗಪಟ್ಟಣ ಬಿತ್ತು. ಕೆನರಾ ಕಂಪನಿಯದಾಯಿತು, ಘಟ್ಟದ ಸಾಗುವಾನಿ ಮುಂಬಯಿಯ ಕಟ್ಟೆಗೆ ಹೋಗತೊಡಗಿತು. 1862ರಲ್ಲಿ ಉತ್ತರ ಕೆನರಾವನ್ನು ಮದರಾಸಿನಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು, ಕಾರವಾರವನ್ನು ಹತ್ತಿಯ ಬಂದರು ಮಾಡುವ ಮಾತಾಯಿತು, ರೈಲು ಬರಲಿಲ್ಲ. 1901ರಲ್ಲಿ ಕಾಪುವಿನ ಬಂಡೆಯ ಮೇಲೆ ಎದ್ದ ದೀಪಸ್ತಂಭ ದಾಟಿಹೋಗುವ ಹಡಗುಗಳಿಗೆ ದಾರಿ ತೋರಿತು.

ಇನ್ನೊಂದು ಆಕ್ಷೇಪಣೆ ಧಾರಿಣಿಯಂಥ ಹಡಗುಗಳಿಂದಲೇ ಹುಟ್ಟುತ್ತದೆ. ಕಮ್ಮಾರಸಾಲೆ, ಎರಕದ ಮನೆ, ಲೇತ್, ವೆಲ್ಡಿಂಗ್, ವಿದ್ಯುತ್ ಕಾರ್ಯಾಗಾರ, ಮುಳುಗುಗಾರರು ಎಲ್ಲವನ್ನೂ ಹೊತ್ತು ತೇಲುವ ಹಡಗಿದ್ದ ಮೇಲೆ ದಡದ ನೆಲೆಗೆ ಅಷ್ಟೊಂದು ಮಹತ್ವ ಏಕೆ? ಉತ್ತರ ಅಮೆರಿಕದ ರಿಪೇರಿ ಹಡಗು ವೆಸ್ಟಲ್‌ನ ಸೇವಾಚರಿತ್ರೆಯಲ್ಲಿದೆ. 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರಿನಲ್ಲಿ ಅದು ಯುದ್ಧನೌಕೆ ಅರಿಜೋನಾದ ಪಕ್ಕಕ್ಕೇ ಕಟ್ಟಿಕೊಂಡಿತ್ತು. ಬಾಂಬು ಬಿದ್ದು, ಮುಳುಗುವುದನ್ನು ತಪ್ಪಿಸಲು ದಡಕ್ಕೆ ಹೋಗಿ ತಳವೂರಿತು. ಹಡಗುಕಟ್ಟೆಯವರ ಕೈ ತುಂಬಿದ್ದರಿಂದ ತನ್ನ ದುರಸ್ತಿಯ ಬಹುಪಾಲನ್ನು ಅದರ ನಾವಿಕರೇ ಮಾಡಿಕೊಂಡರು. ಮರುವರ್ಷ ನ್ಯೂ ಕ್ಯಾಲೆಡೋನಿಯಾದಲ್ಲಿ ವಿಮಾನವಾಹಕ ಎಂಟರ್‌ಪ್ರೈಸ್‌ನ ಗಾಯಗಳನ್ನು ವೆಸ್ಟಲ್‌ನ ಕುಶಲಕರ್ಮಿಗಳು ಸರಿಪಡಿಸಲು ಹಿಡಿದರು, ಕೆಲಸ ಮುಗಿಯುವ ಮೊದಲೇ ಆ ಹಡಗು ಯುದ್ಧಕ್ಕೆ ಹೊರಟಾಗ ಅದರಲ್ಲೇ ಉಳಿದು ಕೆಲಸ ಮುಂದುವರಿಸಿದರು. ಇದಕ್ಕಿಂತ ದೊಡ್ಡ ಸೇವೆಯನ್ನು ಊಹಿಸುವುದು ಕಷ್ಟ. ಆದರೂ ರಿಪೇರಿ ಹಡಗು ಇನ್ನೊಂದು ಹಡಗಿನ ತಳವನ್ನು ನೀರಿನಿಂದ ಎತ್ತಲಾರದು. ಹಳ್ಳಿಯ ದಾದಿಯಂತೆ ಅದು ರಕ್ತ ನಿಲ್ಲಿಸಿ, ಪಟ್ಟಿ ಕಟ್ಟಿ, ಆಸ್ಪತ್ರೆಯವರೆಗೆ ಜೀವ ಉಳಿಸುತ್ತದೆ, ಆಸ್ಪತ್ರೆ ಇರಲೇಬೇಕು. ಗೋವಾ ಕಾರ್ಯಾಚರಣೆ ಎರಡು ದಿನದೊಳಗೆ ಮುಗಿದು ಧಾರಿಣಿಯ ನಿಜವಾದ ಪರೀಕ್ಷೆ ನಡೆಯಲಿಲ್ಲ. 1968ರಲ್ಲಿ ಸೋವಿಯತ್ ಒಕ್ಕೂಟದಿಂದ ಬಂದ ಐಎನ್‌ಎಸ್ ಅಂಬಾ ಜಲಾಂತರ್ಗಾಮಿಗಳಿಗೆ ಇಂಥದೇ ತಾಯಿ ಹಡಗಾಯಿತು. ಇದೇ ಬಳಗಕ್ಕೆ ಸೇರುವ, ಮುಳುಗುಗಾರರ ಹಡಗು ಐಎನ್‌ಎಸ್ ನಿರೀಕ್ಷಕ್‌ನ ಹೆಸರು ಮಲ್ಪೆಯ ಮನೆಗಳಿಗೆ ನೋವಿನೊಂದಿಗೆ ಪರಿಚಿತ: 2018ರ ಡಿಸೆಂಬರ್‌ನಲ್ಲಿ ಏಳು ಮಂದಿ ಮೀನುಗಾರರೊಂದಿಗೆ ಕಾಣೆಯಾದ 'ಸುವರ್ಣ ತ್ರಿಭುಜ' ಬೋಟಿನ ಅವಶೇಷವನ್ನು 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಕಡಲ ತಳದಲ್ಲಿ ಪತ್ತೆಹಚ್ಚಿದ್ದು ಅದು.

ಟಿಪ್ಪು ಬೆರಳಿಟ್ಟ ಜಾಗಕ್ಕೆ ದೇಶ ಮತ್ತೆ ಬರಲು ಸುಮಾರು ಎರಡು ಶತಮಾನ ಹಿಡಿಯಿತು. 1971ರ ಯುದ್ಧದಲ್ಲಿ ಮುಂಬಯಿ ಎಷ್ಟು ಇಕ್ಕಟ್ಟು, ವ್ಯಾಪಾರದ ಹಡಗುಗಳ ನಡುವೆ ಯುದ್ಧನೌಕೆಗಳು ಹೇಗೆ ಸಿಕ್ಕಿಕೊಳ್ಳುತ್ತವೆ ಎಂಬುದು ಮನವರಿಕೆಯಾಯಿತು. 1980ರ ದಶಕದ ಮೊದಲಲ್ಲಿ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಡಾಸನ್ ಹೊಸ ನೆಲೆಗೆ ಕಾರವಾರವನ್ನು ಸೂಚಿಸಿದರು. 1986ರ ಅಕ್ಟೋಬರ್‌ನಲ್ಲಿ ರಾಜೀವ್ ಗಾಂಧಿ ಆ ನೆಲೆಯ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು, 2005ರ ಮೇ 31ರಂದು ನೌಕಾನೆಲೆ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ಉಬ್ಬರದ ಕೊರತೆಗೆ ಇಲ್ಲಿ ಕಂಡುಕೊಂಡ ಪರಿಹಾರ ಹಡಗನ್ನೇ ಎತ್ತುವ ವೇದಿಕೆ. 10,000 ಟನ್‌ವರೆಗಿನ ಹಡಗನ್ನು ನೀರಿನಿಂದ ಮೇಲೆತ್ತಿ, ಹಳಿಗಳ ಮೇಲೆ ಸರಿಸಿ, ಒಣ ನೆಲದಲ್ಲಿ ನಿಲ್ಲಿಸಿ ಮುಂದಿನದನ್ನು ಎತ್ತಬಹುದು. ಒಂದು ಹಡಗು ತಿಂಗಳುಗಟ್ಟಲೆ ಕೂತರೂ ಇನ್ನೊಂದರ ಸರದಿ ನಿಲ್ಲುವುದಿಲ್ಲ. ಅಂಜುದೀವ್ ಈಗ ಈ ನೆಲೆಯ ಭಾಗ.

ಇದರ ಬೆಲೆ ಕೊಟ್ಟವರ ಲೆಕ್ಕ ಬಿಟ್ಟು ಮುಂದೆ ಹೋಗಲಾಗದು. ಬಿಣಗಾ, ಅರ್ಗಾ ಮೊದಲಾದ ಊರುಗಳ ಸಾವಿರಾರು ಕುಟುಂಬಗಳು ಹೊಲ, ಮನೆ, ದೋಣಿ ಎಳೆಯುವ ದಡ ಬಿಟ್ಟವು. ಪರಿಹಾರದ ಮೊಕದ್ದಮೆಗಳು ದಶಕಗಳ ಕಾಲ ಎಳೆದವು. ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರ ಮತ್ತು ಕೈಗಾರಿಕಾ ಪ್ರದೇಶಕ್ಕೆ ನೆಲ ಕೊಟ್ಟ, ಅದರ ಧೂಳಿನ ವಿರುದ್ಧ ನ್ಯಾಯಾಲಯದವರೆಗೆ ಹೋದ ನಂದಿಕೂರಿನವರಿಗೆ ಈ ಅನುಭವವನ್ನು ಬಿಡಿಸಿ ಹೇಳಬೇಕಿಲ್ಲ. ನೌಕಾನೆಲೆ ದೇಶಕ್ಕೆ ಬೇಕು ಎಂಬ ನನ್ನ ವಾದ ಆ ಕುಟುಂಬಗಳ ದೂರನ್ನು ಸಣ್ಣದು ಮಾಡುವುದಿಲ್ಲ. ದಡ ಇಷ್ಟು ಅಮೂಲ್ಯವಾದದ್ದು ಎಂದು ಐದು ಶತಮಾನದ ಇತಿಹಾಸ ಹೇಳುತ್ತಿರುವಾಗ, ಅದನ್ನು ಬಿಟ್ಟುಕೊಟ್ಟವರಿಗೆ ಬಂಜರು ನೆಲದ ದರ ನಿಗದಿಮಾಡಿ ವರ್ಷಗಟ್ಟಲೆ ಅಲೆಸಿದ್ದು ಅನ್ಯಾಯ. ನೆಲೆಯಲ್ಲಿ ಹುಟ್ಟುವ ರಿಪೇರಿಯ ಕೆಲಸದಲ್ಲಿ ಅವರ ಮಕ್ಕಳಿಗೆ ಮೊದಲ ಪಾಲು ಸಿಗಬೇಕೆಂಬುದು ದಾನದ ಬೇಡಿಕೆಯಲ್ಲ.

ಆ ಕೆಲಸ ಬೆಳೆಯಲು ಜಾಗವಿದೆ. ಮಲ್ಪೆಯಲ್ಲಿ ಟೆಬ್ಮಾ ಹಡಗುಕಟ್ಟೆ ದಿವಾಳಿಯಾದ ಮೇಲೆ 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ಅದನ್ನು ಕೊಂಡು, ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂದು ಹೆಸರಿಟ್ಟು ನಡೆಸುತ್ತಿದೆ. ಟಗ್ಗುಗಳ ಜೊತೆಗೆ ನಾರ್ವೆಯ ಕಂಪನಿಗೆ ಸರಕು ಹಡಗುಗಳನ್ನು ಕಟ್ಟುವ ಕೆಲಸ ಅಲ್ಲಿ ನಡೆದಿದೆ. ಅದೇ ಹೊತ್ತಿಗೆ ಕಾರವಾರವನ್ನೇ ನೆಲೆಯಾಗಿಸಿಕೊಂಡ ವಿಮಾನವಾಹಕ ನೌಕೆ ವಿಕ್ರಮಾದಿತ್ಯದ ತೂಕ ಸುಮಾರು 44,000 ಟನ್. ಎತ್ತುವ ವೇದಿಕೆಗೆ ಅದು ಹೊರಲಾಗದ ಭಾರ. ತಳದ ಕೆಲಸಕ್ಕೆಂದು ಅದು ಈ ಕರಾವಳಿಯನ್ನು ಬಿಟ್ಟು ಕೊಚ್ಚಿಯ ಒಣಕಟ್ಟೆಗೆ ಹೋಗಿದೆ, ಕಾಪು, ಮಲ್ಪೆಯ ಕಡಲನ್ನು ಹಾದು.