ಕಾಲು ಗಂಟೆಯ ಹಾರಾಟ, ಮುನ್ನೂರು ವರ್ಷಗಳ ಹಾದಿ



ನಾಸಿಕ್‌ನಿಂದ ಛತ್ರಪತಿ ಸಂಭಾಜಿನಗರಕ್ಕೆ ಎಷ್ಟು ದೂರ? 2023ರವರೆಗೆ ನಾವು ಔರಂಗಾಬಾದ್ ಎನ್ನುತ್ತಿದ್ದ ಊರೇ ಇದು. ನಾಸಿಕ್ ಬಳಿಯ ಓಝರ್ ವಿಮಾನ ನಿಲ್ದಾಣದಿಂದ ಅಲ್ಲಿನ ಚಿಕಲ್‌ಠಾಣಾ ನಿಲ್ದಾಣಕ್ಕೆ ಆಕಾಶಮಾರ್ಗದಲ್ಲಿ ಸುಮಾರು 160 ಕಿ.ಮೀ. ಗಂಟೆಗೆ 700 ಕಿ.ಮೀ. ವೇಗದ ಜೆಟ್ ವಿಮಾನಕ್ಕೆ ಅದು ಕಾಲು ಗಂಟೆಯ ದಾರಿ. ಏರುವ, ಇಳಿಯುವ ಹೊತ್ತು ಸೇರಿಸಿದರೆ ಅರ್ಧ ಗಂಟೆ ಎನ್ನಿ. ರಸ್ತೆಯಲ್ಲಿ ಸುಮಾರು ನಾಲ್ಕು ಗಂಟೆ. ರೈಲಾದರೆ ಮನ್ಮಾಡ್ ಮೇಲೆ ಹೋಗಬೇಕು.

ಆದರೆ ಹೆಚ್ಚುಕಡಿಮೆ ಇದೇ ದೂರವನ್ನು ದಾಟಲು ಒಂದು ಅರಸುಮನೆತನಕ್ಕೆ ಮುನ್ನೂರು ವರ್ಷ ಹಿಡಿಯಿತು. ಆ ಪಯಣದಲ್ಲಿ ಕನ್ನಡವೂ ಜೊತೆಗಿತ್ತು.

ಅವರು ಸೇವುಣರು. ಶಾಲೆಯಲ್ಲಿ 'ದೇವಗಿರಿಯ ಯಾದವರು' ಎಂದು ನೀವು ಓದಿರುತ್ತೀರಿ. ಮೂಲಪುರುಷ ದೃಢಪ್ರಹಾರ 9ನೆಯ ಶತಮಾನದಲ್ಲಿ ಇಂದಿನ ನಾಸಿಕ್ ಜಿಲ್ಲೆಯ ಚಾಂದವಡದಲ್ಲಿ ನೆಲೆನಿಂತ. ಅವನ ಮಗ ಸೇವುಣಚಂದ್ರ ಸೇವುಣಪುರವನ್ನು ಕಟ್ಟಿದ. ನಾಸಿಕ್‌ಗೆ 30 ಕಿ.ಮೀ. ದೂರದ ಸಿನ್ನರ್ ಪಟ್ಟಣವೇ ಅದಿರಬೇಕೆಂದು ವಿದ್ವಾಂಸರು ಹೇಳುತ್ತಾರೆ. ಕನ್ನಡನಾಡಿನ ಉತ್ತರದ ಎಲ್ಲೆ ಗೋದಾವರಿ ಎಂದು ಸಾರಿದ 'ಕವಿರಾಜಮಾರ್ಗ' ಹುಟ್ಟಿದ್ದೂ ಅದೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. ನಾಸಿಕ್ ಇರುವುದು ಆ ಗೋದಾವರಿಯ ದಂಡೆಯಲ್ಲೇ!

ಸೇವುಣರು ಮೊದಲು ರಾಷ್ಟ್ರಕೂಟರಿಗೆ, ಬಳಿಕ ಕಲ್ಯಾಣದ ಚಾಲುಕ್ಯರಿಗೆ ಸಾಮಂತರಾಗಿದ್ದರು. ನೆಂಟಸ್ತಿಕೆಯೂ ಬೆಳೆಯಿತು. ಮೂರನೆಯ ಭಿಲ್ಲಮ ಚಾಲುಕ್ಯ ಜಯಸಿಂಹನ ಮಗಳನ್ನೇ ಮದುವೆಯಾದ. 12ನೆಯ ಶತಮಾನದ ಕೊನೆಗೆ ಚಾಲುಕ್ಯರ ಬಲ ಕುಗ್ಗಿತು. ಐದನೆಯ ಭಿಲ್ಲಮ ಸ್ವತಂತ್ರನಾಗಿ, 1187ರ ಸುಮಾರಿಗೆ ರಾಜಧಾನಿಯನ್ನು ದೇವಗಿರಿಗೆ ತಂದ. ಬಯಲಿನ ನಡುವೆ ಕಡಿದಾಗಿ ಎದ್ದ ಬಂಡೆಗುಡ್ಡ ಕೋಟೆಗೆ ಹೇಳಿಮಾಡಿಸಿದ ಜಾಗ. ಇಂದಿನ ದೌಲತಾಬಾದ್ ಅದೇ. ಸಂಭಾಜಿನಗರದಿಂದ ಸುಮಾರು 15 ಕಿ.ಮೀ.

ಹಾಗಾದರೆ ಸೇವುಣರು ಕನ್ನಡಿಗರೋ, ಮರಾಠಿಗರೋ? ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ಗಡಿಯ ಮಾತು ಬಂದಾಗಲೆಲ್ಲ ಎರಡೂ ಕಡೆಯವರು ಇಂಥ ಅರಸರನ್ನು ಸಾಕ್ಷಿಗೆ ಕರೆಯುವುದುಂಟು. ಶಾಸನಗಳು ಹೇಳುವ ಸಂಗತಿ ಮಾತ್ರ ಸರಳ. ಕರ್ನಾಟಕದಲ್ಲಿ ದೊರೆತ ಅವರ ಶಾಸನಗಳಲ್ಲಿ ಬಹುಪಾಲು ಕನ್ನಡದವು; ಮರಾಠಿ ಸೀಮೆಯಲ್ಲಿ ಮರಾಠಿಯವೂ ಇವೆ. ಓದುವ ಜನರ ನುಡಿಯಲ್ಲಿ ಬರೆಸಿದರೆ ತಾನೇ ದಾನದತ್ತಿ ಉಳಿಯುವುದು? 1290ರಲ್ಲಿ ಸಂತ ಜ್ಞಾನೇಶ್ವರರು ಮರಾಠಿಯಲ್ಲಿ 'ಜ್ಞಾನೇಶ್ವರಿ'ಯನ್ನು ಮುಗಿಸಿದಾಗ ಆಳುತ್ತಿದ್ದವನು ಇದೇ ಮನೆತನದ ರಾಮಚಂದ್ರ. ಹಿಂದೂಸ್ತಾನಿ, ಕರ್ನಾಟಕ ಎರಡೂ ಪದ್ಧತಿಯವರು ಗೌರವಿಸುವ ಶಾರ್ಙ್ಗದೇವನ 'ಸಂಗೀತರತ್ನಾಕರ' ರಚನೆಯಾದದ್ದೂ ಅವರದೇ ಸಿಂಘಣನ ಆಶ್ರಯದಲ್ಲಿ. ನಮ್ಮ ಬಾನುಲಿಯಲ್ಲಿ ನೀವು ಕೇಳುವ ಎರಡೂ ಬಗೆಯ ಸಂಗೀತಕ್ಕೆ ದೇವಗಿರಿಯ ನಂಟಿದೆ.

ಕನ್ನಡ ನುಡಿಯ ಗಡಿ ಇಂದು ಗೋದಾವರಿಯಿಂದ ಬಹಳ ದಕ್ಷಿಣಕ್ಕೆ ಸರಿದಿದೆ. ಅದಕ್ಕೆ ಕೊರಗಬೇಕಿಲ್ಲ. ಊರು ಬಿಟ್ಟು ಬಂದು, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಇನ್ನೊಂದು ನುಡಿ ಆಡುವ ನಮಗೆ ಸೇವುಣರ ಕಾಲದ ಬದುಕು ಅಪರಿಚಿತವೇನಲ್ಲ.

ಬಿಡುವಾದಾಗ ವಿಮಾನದ ಯೋಚನೆ ಬಿಟ್ಟು ರಸ್ತೆಯಲ್ಲೇ ಹೋಗಿಬನ್ನಿ. ಸಿನ್ನರ್‌ನಲ್ಲಿ ಇಳಿದು ಗೊಂದೇಶ್ವರ ದೇಗುಲ ನೋಡಿ, ಆಮೇಲೆ ದೇವಗಿರಿಯ ಕೋಟೆ ಹತ್ತಿ. ನಾಲ್ಕು ಗಂಟೆಯ ದಾರಿ ಇನ್ನೂ ಒಂದೆರಡು ಗಂಟೆ ಹಿಡಿದೀತು. ಮುನ್ನೂರು ವರ್ಷಕ್ಕಿಂತ ಬೇಗನೇ ತಲುಪುತ್ತೀರಿ!