ಬೆಳೆದ ಮಗ, ಪಾಲುದಾರ ಮಗ

ಕರ್ನಾಟಕದ ಬಹುತೇಕ ಹಿಂದೂ ಒಕ್ಕಲು ಮನೆಗಳಲ್ಲಿ ಬೆಳೆದ ಮಗನೊಡನೆ ಅಪ್ಪ ಹೊಂದಿಕೊಳ್ಳುವ ಬಗೆಯನ್ನು ಬಹುಕಾಲ ನಿರ್ಧರಿಸಿದ್ದು ಆಸ್ತಿಯ ನಿಯಮ. ಅದರ ಬುಡ ವಿಜ್ಞಾನೇಶ್ವರನ ಮಿತಾಕ್ಷರ. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ, ಈಗಿನ ಬೀದರ್ ಜಿಲ್ಲೆಯ ಕಲ್ಯಾಣದಲ್ಲಿ ಹುಟ್ಟಿದ ಈ ಗ್ರಂಥದ ಪ್ರಕಾರ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಬಂಗಾಳದ ದಾಯಭಾಗದಲ್ಲಿ ಹಾಗಿಲ್ಲ. ಅಲ್ಲಿ ಅಪ್ಪ ಇರುವವರೆಗೆ ಮಗನಿಗೆ ಪಾಲಿಲ್ಲ.

ಮಿತಾಕ್ಷರದ ಮನೆಯಲ್ಲಿ ಅಪ್ಪ ಯಜಮಾನ, ಆದರೆ ಒಬ್ಬನೇ ಒಡೆಯನಲ್ಲ. ಮಗನಿಗೆ ಮದುವೆಯಾಗಿ, ಅತ್ತೆ ಸೊಸೆಗೆ ಸರಿಬರದೆ ಪಾಲಿನ ಮಾತು ಎದ್ದರೆ ಊರ ಪಂಚರು ಕೂಡುತ್ತಿದ್ದರು. ಹೊಲ, ದನ, ಪಾತ್ರೆಪಗಡ ಹಂಚಿ ಪಾಲುಪಟ್ಟಿ ಬರೆಸುತ್ತಿದ್ದರು. ಒಲೆ ಬೇರೆಯಾದರೂ ಬಾವಿ, ಕಣ, ಮನೆದೇವರ ಹಬ್ಬ ಹಲವೆಡೆ ಕೂಡಿಯೇ ಉಳಿಯುತ್ತಿದ್ದವು. ಹೆತ್ತವರಿಗೆ ಜೀವನಾಂಶವೆಂದು ಒಂದು ತುಂಡು ಹೊಲ, ಊಟಕ್ಕೆ ಕಿರಿಮಗನ ಮನೆ. ಇಲ್ಲವೇ ಮಕ್ಕಳ ಮನೆಗಳಲ್ಲಿ ಸರದಿ. ನಿನ್ನೆಯವರೆಗೆ ಅಪ್ಪಣೆ ಕೊಡುತ್ತಿದ್ದವನು ಮಗನ ಸಮಕ್ಕೆ ಕೂತು ಹೆಬ್ಬೆಟ್ಟು ಒತ್ತಬೇಕಿತ್ತು. ಆ ನೋವು ಹೊರಬರುತ್ತಿದ್ದುದು ಹೆಚ್ಚಾಗಿ ಎತ್ತು ಯಾರಿಗೆ, ಹಂಡೆ ಯಾರಿಗೆ ಎಂಬ ಜಗಳದ ರೂಪದಲ್ಲಿ. ತಾಯಿಯ ಮಾತನ್ನಂತೂ ಪಾಲುಪಟ್ಟಿ ಕೇಳುತ್ತಿದ್ದುದು ಅಪರೂಪ.

ತುಳುನಾಡಿನ ಅಳಿಯಸಂತಾನದ ಮನೆಗಳ ದಾರಿಯೇ ಬೇರೆ. ಆಸ್ತಿ ತಾಯಿಯ ಕಡೆಯದು, ಯಜಮಾನಿಕೆ ಸಾಮಾನ್ಯವಾಗಿ ಸೋದರಮಾವನದು. ಬೆಳೆದ ಹುಡುಗ ಎದುರಾಡುತ್ತಿದ್ದುದು ಮಾವನಿಗೆ. ಅಪ್ಪನ ಪಾಲಿಗೆ ಅಕ್ಕರೆ ಉಳಿಯುತ್ತಿತ್ತು.

ಇಂಗ್ಲಿಷ್ ವಿದ್ಯೆ, ಸರ್ಕಾರಿ ನೌಕರಿ ಬಂದಮೇಲೆ ಪ್ರಶ್ನೆ ಹೊಲದಿಂದ ಸಂಬಳಕ್ಕೆ ತಿರುಗಿತು. ಮನೆಯ ದುಡ್ಡಿನಲ್ಲಿ ಓದಿ ಐಸಿಎಸ್ ಅಧಿಕಾರಿಯಾದವನೊಬ್ಬನ ಗಳಿಕೆ ಕುಟುಂಬದ್ದೇ ಎಂದು 1921ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಪಿತ್ತಿತು. ಬ್ರಿಟಿಷ್ ಇಂಡಿಯಾದಲ್ಲಿ 1930ರ ವಿದ್ಯಾರ್ಜಿತ ಗಳಿಕೆಯ ಕಾಯಿದೆ ಅದನ್ನು ತಳ್ಳಿಹಾಕಿ, ಓದಿನ ಫಲ ಓದಿದವನದೇ ಎಂದಿತು. ಪಂಚರ ಪಂಚಾಯಿತಿಗಿಂತ ಹೆಚ್ಚಾಗಿ ಅಪ್ಪನ ಹಿಡಿತ ಸಡಿಲಿಸಿದ್ದು ಈ ಸಂಬಳವೇ ಎನ್ನಬೇಕು. ಜಗಳವಿಲ್ಲದೆ, ಪಾಲುಪಟ್ಟಿಯಿಲ್ಲದೆ ಮಗ ಬೆಂಗಳೂರಿಗೋ ಮುಂಬಯಿಗೋ ಹೋಗಿ ಬೇರೆಯಾಗುತ್ತಿದ್ದ.

ಹೆಣ್ಣುಮಕ್ಕಳ ಸರದಿ ತಡವಾಗಿ ಬಂತು. ಹಿಂದೂ ಉತ್ತರಾಧಿಕಾರ ಕಾಯಿದೆಗೆ ಕರ್ನಾಟಕ ತಂದ ತಿದ್ದುಪಡಿ 1994ರಲ್ಲಿ ಜಾರಿಯಾಗಿ, ಆ ಹೊತ್ತಿಗೆ ಮದುವೆಯಾಗದಿದ್ದ ಮಗಳನ್ನು ಸಮಪಾಲುದಾರಳನ್ನಾಗಿಸಿತು. 2005ರ ಕೇಂದ್ರ ತಿದ್ದುಪಡಿ ಮದುವೆಯ ಕಟ್ಟನ್ನೂ ತೆಗೆಯಿತು. 2007ರ ಕಾಯಿದೆ ಹೆತ್ತವರ ಕಡೆಗೆ ತಿರುಗಿತು: ಸಾಕುವ ಷರತ್ತಿನ ಮೇಲೆ ಮಕ್ಕಳಿಗೆ ಆಸ್ತಿ ಬರೆದುಕೊಟ್ಟು, ಅವರು ಸಾಕದಿದ್ದರೆ, ಹಿರಿಯರು ನ್ಯಾಯಮಂಡಳಿಗೆ ಹೋಗಿ ಆ ಪತ್ರವನ್ನು ರದ್ದು ಮಾಡಿಸಬಹುದು.