ಬಾಯ್ಲರ್ ನೀರಿನ ಬಿಸಿ ಅಳೆಯುವ ಬಗೆ

ಬ್ರಿಟನ್ನಿನ ಬಹುಪಾಲು ಮನೆಗಳನ್ನು ಚಳಿಗಾಲದಲ್ಲಿ ಬೆಚ್ಚಗಿಡುವುದು ಗ್ಯಾಸ್ ಬಾಯ್ಲರ್. ಅದರಲ್ಲಿ ಕಾದ ನೀರು ಪೈಪುಗಳಲ್ಲಿ ಹರಿದು, ಕೋಣೆಕೋಣೆಯ ರೇಡಿಯೇಟರ್‌ಗಳಿಗೆ ಶಾಖ ಕೊಟ್ಟು, ತಣಿದು ಮರಳುತ್ತದೆ. ನಮ್ಮ ಬಚ್ಚಲ ಹಂಡೆಗಾದರೆ ಬೆರಳದ್ದಿ ನೋಡಿದರೆ ಸಾಕಿತ್ತು. ಇಲ್ಲಿ ನೀರು ಕಣ್ಣಿಗೇ ಬೀಳುವುದಿಲ್ಲ. ಪೈಪಿನ ಮೈ ಮುಟ್ಟಿ ಒಳಗಿನದನ್ನು ಅಂದಾಜಿಸಬೇಕು. ತಪ್ಪುಗಳು ನುಸುಳುವುದೂ ಅಲ್ಲೇ.

ಮರಳುವ ನೀರೇ ಏಕೆ ಮುಖ್ಯ

ಇಂಗ್ಲೆಂಡ್, ವೇಲ್ಸ್‌ಗಳಲ್ಲಿ 2005ರಿಂದ ಹೊಸದಾಗಿ ಕೂರಿಸುವ ಗ್ಯಾಸ್ ಬಾಯ್ಲರ್‌ಗಳು, ಕೆಲವು ವಿನಾಯಿತಿ ಬಿಟ್ಟರೆ, ಕಂಡೆನ್ಸಿಂಗ್ ಬಗೆಯವೇ ಆಗಿರಬೇಕು. ಹೊಗೆಯಲ್ಲಿರುವ ನೀರಾವಿಯನ್ನು ಹನಿಯಾಗಿಸಿ, ಆಗ ಹೊರಬೀಳುವ ಶಾಖವನ್ನೂ ಬಿಡದೆ ಹೀರಿಕೊಳ್ಳುವುದು ಇವುಗಳ ಜಾಣತನ. ಮರಳುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಇದು ಸಾಧ್ಯ. 60 ಇರುವುದನ್ನು 52 ಎಂದು ಓದಿಕೊಂಡವರು ಉಳಿತಾಯವಾಗುತ್ತಿದೆ ಎಂದು ನಂಬಿಕೊಂಡೇ ಬಿಲ್ ಕಟ್ಟುತ್ತಿರುತ್ತಾರೆ.

ಕೆಂಪು ಚುಕ್ಕೆಯ ಮೋಸ

ಗನ್ನಿನಂತೆ ಹಿಡಿಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಬಲು ಆಕರ್ಷಕ. ಆದರೆ ಅದರ ಕೆಂಪು ಚುಕ್ಕೆ ಗುರಿ ತೋರಿಸಲಷ್ಟೇ. ಅಳೆಯುವುದು ಮೇಲ್ಮೈ ಸೂಸುವ ಅವಗೆಂಪು ಕಿರಣವನ್ನು. ಹೊಳೆಯುವ ತಾಮ್ರ ಅದನ್ನು ಸೂಸುವುದು ತೀರಾ ಕಡಿಮೆ, ಬದಲಿಗೆ ಕನ್ನಡಿಯಂತೆ ಕೋಣೆಯ ಕಿರಣವನ್ನೇ ಹಿಂತಿರುಗಿಸುತ್ತದೆ. ಕೈ ಸುಡುವ ಪೈಪನ್ನೂ ಅದು ಬೆಚ್ಚಗಿದೆ ಎಂದಷ್ಟೇ ತೋರಿಸೀತು. ಪೈಪಿಗೆ ಕಪ್ಪು ಇನ್ಸುಲೇಶನ್ ಟೇಪ್ ಸುತ್ತಿ, ಟೇಪು ಕಾದ ಮೇಲೆ ಹತ್ತಿರದಿಂದ ಅಳೆದರೆ ಅಂಕಿ ನಂಬುವಂತಿರುತ್ತದೆ.

ಪೈಪಿಗೆ ಕಟ್ಟುವ ಸೆನ್ಸರ್

ಇದಕ್ಕಿಂತ ಸೆನ್ಸರ್ ಕಟ್ಟುವುದೇ ಮೇಲು. ಹವ್ಯಾಸಿಗಳು ಬಳಸುವ ಅಗ್ಗದ ಡಿಎಸ್18ಬಿ20 ಚಿಪ್ಪಿನ ನಿಖರತೆ ಅರ್ಧ ಡಿಗ್ರಿ ಆಚೀಚೆ. ಮನೆಗೆ ಅಷ್ಟು ಧಾರಾಳ. ಪ್ಲಾಸ್ಟಿಕ್ ಪೈಪು ಬೇಡ, ಶಾಖ ದಾಟಿಸುವುದರಲ್ಲಿ ಅದು ಮಂದ. ತಾಮ್ರದ ಮೈ ಒರೆಸಿ, ಥರ್ಮಲ್ ಪೇಸ್ಟ್ ಸವರಿ, ಸೆನ್ಸರನ್ನು ಬಿಗಿಯಾಗಿ ಕಟ್ಟಿ, ಮೇಲೆ ದಪ್ಪ ಫೋಮ್ ಹೊದಿಸಬೇಕು. ಹೊದಿಕೆಯಿಲ್ಲದಿದ್ದರೆ ಕೋಣೆಯ ಗಾಳಿಯೂ ಲೆಕ್ಕಕ್ಕೆ ಸೇರುತ್ತದೆ.

ಅಂತರದ ಲೆಕ್ಕ

ನಿಮಿಷಕ್ಕೆ 10 ಲೀಟರ್ ನೀರು 20 ಡಿಗ್ರಿ ತಣಿದು ಮರಳಿದರೆ ಮನೆಗೆ ಸಂದದ್ದು ಸುಮಾರು 14 ಕಿಲೋವ್ಯಾಟ್ ಶಾಖ. ಅಂತರವನ್ನು 2 ಡಿಗ್ರಿ ತಪ್ಪಾಗಿ ಓದಿದರೆ ಲೆಕ್ಕ ಶೇ. 10 ಎಡವುತ್ತದೆ. ಹೀಟ್ ಪಂಪ್ ಇರುವಲ್ಲಿ ಅಂತರವೇ 5 ಡಿಗ್ರಿಯಷ್ಟು. ಅಲ್ಲಿ ಅದೇ ತಪ್ಪು ಶೇ. 40. ಆದ್ದರಿಂದ ಹೋಗುವ ಪೈಪಿಗೊಂದು, ಮರಳುವ ಪೈಪಿಗೊಂದು ಸೆನ್ಸರ್ ಕಟ್ಟುವ ಮೊದಲು ಎರಡನ್ನೂ ಒಂದೇ ಪೈಪಿಗೆ ಕಟ್ಟಿ, ಅವುಗಳ ನಡುವಿನ ವ್ಯತ್ಯಾಸವನ್ನು ಬರೆದಿಟ್ಟುಕೊಳ್ಳಿ.

ಸೊನ್ನೆಯನ್ನು ಪರೀಕ್ಷಿಸಲು ಪುಡಿ ಐಸು ಬೆರೆಸಿದ ನೀರು ಸಾಕು. ಕುದಿಯುವ ನೀರನ್ನು ಕಣ್ಣುಮುಚ್ಚಿ 100 ಎನ್ನಬೇಡಿ: ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು 97ರ ಆಸುಪಾಸಿನಲ್ಲೇ ಕುದಿಯುತ್ತದೆ.